ಜಾಲಕ್ಕೂ ಒಬ್ಬ ನೀರುಗಂಟಿ ಬೇಕು

ನನ್ನ ತಂಗಿಯ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಪ್ರತಿ ರಜೆಗೂ ಒಂದು ಹೊಸ ಹುಚ್ಚನ್ನು ಹೊತ್ತು ತರುವುದು ಅವನ ಪದ್ಧತಿ. ಒಮ್ಮೆ ಡ್ರೋನ್, ಇನ್ನೊಮ್ಮೆ ಅಣಬೆ ಬೇಸಾಯ. ಈ ಸಲದ್ದು ಸಮುದಾಯ ಜಾಲ: ಊರವರೇ ಸೇರಿ ಕಟ್ಟಿಕೊಂಡು, ಲಾಭದ ಆಸೆಯಿಲ್ಲದೆ ನಡೆಸುವ ಇಂಟರ್ನೆಟ್ ವ್ಯವಸ್ಥೆ. “ಮಾವ, ನಿಮಗೆ ಕಂಬ ಹತ್ತಿ ಗೊತ್ತು, ನನಗೆ ರೂಟರ್ ಗೊತ್ತು. ಇನ್ನೇನು ಬೇಕು?” ಎಂದ. ಇನ್ನೂ ಬಹಳ ಬೇಕು ಎಂದೆ. ಅಂದಿನಿಂದ ನಮ್ಮಿಬ್ಬರ ನಡುವೆ ನಡೆಯುತ್ತಿರುವ ವಾದ ಇನ್ನೂ ಮುಗಿದಿಲ್ಲ. ಈ ನಡುವೆ ಜಾಲ ಮಾತ್ರ ಶುರುವಾಗಿಬಿಟ್ಟಿದೆ.

ನಾನು ಯಾರು ಎಂದರೆ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯ ಒಂದು ಊರಿನಲ್ಲಿ ಕೇಬಲ್ ಟಿವಿ ನಡೆಸಿದವನು. ತೊಂಬತ್ತರ ದಶಕದಲ್ಲಿ ಹನ್ನೆರಡು ಅಡಿಯ ಡಿಶ್ಶನ್ನು ಟ್ರ್ಯಾಕ್ಟರಿನಲ್ಲಿ ತಂದು ಮನೆಯ ಮೇಲೆ ಕೂರಿಸಿದಾಗ ಮಣ್ಣಿನ ಮಾಳಿಗೆ ತಡೆಯುವುದಿಲ್ಲ ಎಂದು ನನ್ನ ತಾಯಿ ಎರಡು ರಾತ್ರಿ ಅಂಗಳದಲ್ಲೇ ಮಲಗಿದ್ದರು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕೇಬಲ್ಲಿಗೆ ಬೆಲೆ ಬಂತು. 1995ರಲ್ಲಿ ಕಾಯ್ದೆ ಬಂದು ನಾವೆಲ್ಲ ಪ್ರಧಾನ ಅಂಚೆ ಕಚೇರಿಗೆ ಹೋಗಿ ಐನೂರು ರೂಪಾಯಿ ಕಟ್ಟಿ ಹೆಸರು ನೋಂದಾಯಿಸಿಕೊಂಡೆವು. ಆಮೇಲೆ ಮನೆಮನೆಯ ಮೇಲೆ ಸಣ್ಣ ಡಿಶ್ಶುಗಳು ಹುಟ್ಟಿಕೊಂಡವು, ನನ್ನ ಚಂದಾದಾರರು ಕರಗಿದರು. ಈಗ ಅದೇ ಕೋಣೆಯಲ್ಲಿ ಫೈಬರ್ ಇಂಟರ್ನೆಟ್ಟನ್ನು ಮನೆಮನೆಗೆ ಹಂಚುವ ಓಎಲ್‌ಟಿ ಎಂಬ ಪೆಟ್ಟಿಗೆ ಕುಳಿತಿದೆ. ಒಂದು ಪೋರ್ಟಿನಿಂದ ಅರವತ್ತನಾಲ್ಕು ಮನೆಗಳಿಗೆ ಹಂಚಬಹುದು, ಇಪ್ಪತ್ತು ಕಿಲೋಮೀಟರ್ ದೂರದವರೆಗೂ ಬೆಳಕು ಹೋಗುತ್ತದೆ. ನಾನು ಒಂದು ಕಂಪನಿಯ ಫ್ರಾಂಚೈಸಿ. ತುಂಡಾದ ಫೈಬರನ್ನು ಬೆಸೆಯುವ ಸ್ಪ್ಲೈಸಿಂಗ್ ಮಾಡುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಅಳಿಯನ ಕಣ್ಣು ಬಿದ್ದದ್ದು ನಮ್ಮ ಊರಿಂದ ಮೂರು ಕಿಲೋಮೀಟರ್ ಆಚೆಗಿನ ಗೊಲ್ಲರಹಟ್ಟಿಯ ಮೇಲೆ. ನಡುವೆ ಕುರುಚಲು ಗುಡ್ಡ. ಮೊಬೈಲ್ ಗೋಪುರ ಇರುವುದು ಗುಡ್ಡದ ಈ ಕಡೆ. ಆ ಕಡೆಯವರಿಗೆ ಸಿಗ್ನಲ್ ಬೇಕೆಂದರೆ ಬಂಡೆಯೊಂದನ್ನು ಹತ್ತಬೇಕು. ರೇಷನ್ ಕೊಡುವ ದಿನ ಹೆಬ್ಬೆರಳಿನ ಯಂತ್ರವನ್ನೂ ಅದೇ ಬಂಡೆಗೆ ಒಯ್ಯುತ್ತಾರೆ, ಮುದುಕಿಯರನ್ನು ಕೈಹಿಡಿದು ಹತ್ತಿಸುತ್ತಾರೆ. ಮೊಬೈಲ್ ಕಂಪನಿಯವರಿಗೆ ಹೇಳಿದರೆ ಮನೆಗಳ ಸಂಖ್ಯೆ ಕೇಳುತ್ತಾರೆ. ಸಂಖ್ಯೆ ಕೇಳಿದ ಮೇಲೆ ಫೋನ್ ಎತ್ತುವುದಿಲ್ಲ. ಫೈಬರ್ ಎಳೆಯೋಣವೆಂದರೆ ನಡುವೆ ಕಾವಲು ಭೂಮಿ, ಕಂಬ ನೆಡಲು ಅನುಮತಿ ಬೇಕು. ಪಂಚಾಯಿತಿಗೆ ಕೇಂದ್ರ ಸರ್ಕಾರದ ಫೈಬರ್ ಯೋಜನೆಯಾದ ಭಾರತ್‌ನೆಟ್ ಬಂದಿದೆ. ಆದರೆ 2011ರಲ್ಲಿ ಮಂಜೂರಾದ ಆ ಯೋಜನೆಯ ಗುರಿಯೇ ಪಂಚಾಯಿತಿ ಕಟ್ಟಡದವರೆಗೆ ಮೊದಲು ಫೈಬರ್ ಮುಟ್ಟಿಸುವುದು. ಅಲ್ಲಿಂದ ಹಟ್ಟಿಯವರೆಗಿನ ಮೂರು ಕಿಲೋಮೀಟರ್ ಯಾರದ್ದೂ ಅಲ್ಲ.

ಸಂಜೆ ಜಗಲಿಯ ಮೇಲೆ ಕುಳಿತು ಅವನು ಲ್ಯಾಪ್‌ಟಾಪ್ ತೆರೆದು ದೇಶದೇಶಗಳ ಜಾಲಗಳ ಕಥೆ ಓದುತ್ತಿದ್ದ. ಪ್ರತಿ ಕಥೆಗೂ ನನ್ನವು ಎರಡೇ ಪ್ರಶ್ನೆ: ದುಡ್ಡು ಯಾರು ಕೊಟ್ಟರು, ಕೆಟ್ಟಾಗ ಕಂಬ ಯಾರು ಹತ್ತಿದರು?

ಮೊದಲನೆಯದು ಅಮೆರಿಕದ ಕ್ಲೀವ್‌ಲ್ಯಾಂಡಿನದು. ಅಲ್ಲಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಟಾಮ್ ಗ್ರುಂಡ್ನರ್ ಎಂಬುವರು 1984ರಲ್ಲಿ ಒಂದು ಸಣ್ಣ ಕಂಪ್ಯೂಟರಿಗೆ ಟೆಲಿಫೋನ್ ತಂತಿ ಜೋಡಿಸಿ, ಜನರು ಆರೋಗ್ಯದ ಪ್ರಶ್ನೆ ಬರೆದಿಟ್ಟರೆ ವೈದ್ಯರು ಉತ್ತರ ಬರೆಯುವ ಏರ್ಪಾಟು ಮಾಡಿದರು. ಅದಕ್ಕೆ ಸೇಂಟ್ ಸಿಲಿಕಾನ್ ಆಸ್ಪತ್ರೆ ಎಂದು ತಮಾಷೆಯ ಹೆಸರು. ಜನ ಮುಗಿಬಿದ್ದರು. 1986ರಲ್ಲಿ ಅದೇ ಬೆಳೆದು ಕ್ಲೀವ್‌ಲ್ಯಾಂಡ್ ಫ್ರೀ-ನೆಟ್ ಆಯಿತು. ಪರದೆಯ ಮೇಲೆ ಒಂದು ಪುಟ್ಟ ಪಟ್ಟಣ: ಅಂಚೆ ಕಚೇರಿ, ನ್ಯಾಯಾಲಯ, ಊರ ಚೌಕ, ಎಲ್ಲವೂ ಬರಿಯ ಅಕ್ಷರಗಳಲ್ಲಿ. ಮನೆಯ ಫೋನಿನಿಂದ ಯಾರು ಬೇಕಾದರೂ ಬರಬಹುದು, ಕಾಸು ಕೊಡಬೇಕಿಲ್ಲ. ವೆಬ್ ಎಂಬುದು ಇನ್ನೂ ಹುಟ್ಟದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅದನ್ನು ನೋಡಿ ಊರೂರುಗಳಲ್ಲಿ ಫ್ರೀ-ನೆಟ್‌ಗಳು ಎದ್ದವು, ಅವುಗಳಿಗೊಂದು ರಾಷ್ಟ್ರೀಯ ಒಕ್ಕೂಟವೂ ಆಯಿತು. 1996ರಲ್ಲಿ ಆ ಒಕ್ಕೂಟ ದಿವಾಳಿ. 1999ರಲ್ಲಿ ಕ್ಲೀವ್‌ಲ್ಯಾಂಡಿನದ್ದೂ ಮುಚ್ಚಿತು. 2000ನೇ ಇಸವಿಗೆ ತಂತ್ರಾಂಶ ಒಗ್ಗುವುದಿಲ್ಲ ಎಂಬ ಕಾರಣ ಕೊಟ್ಟರು.

“ಕಂಪ್ಯೂಟರ್ ಎಲ್ಲಿತ್ತು?” ಎಂದೆ. “ವಿಶ್ವವಿದ್ಯಾಲಯದಲ್ಲಿ.” “ಮುಚ್ಚಿದ್ದು ಯಾರು?” “ವಿಶ್ವವಿದ್ಯಾಲಯ.” ಅಲ್ಲಿಗೆ ಆ ಕಥೆ ನನಗೆ ಅರ್ಥವಾಯಿತು. ಇನ್ನೊಬ್ಬರ ಹಟ್ಟಿಯಲ್ಲಿ ಕಟ್ಟಿದ ಎಮ್ಮೆಯನ್ನು ಅವರು ಯಾವಾಗ ಬೇಕಾದರೂ ಬಿಚ್ಚಿ ಹೊರಗೆ ಬಿಡಬಹುದು.

ಕೆನಡಾದ ಒಟ್ಟಾವಾ ನಗರದ್ದು ಬೇರೆಯೇ. 1993ರಲ್ಲಿ ಬಾಗಿಲು ತೆರೆದ ನ್ಯಾಷನಲ್ ಕ್ಯಾಪಿಟಲ್ ಫ್ರೀನೆಟ್ ಕೂಡ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಆಸರೆಯಲ್ಲೇ ಹುಟ್ಟಿದ್ದು. ಆದರೆ ಅದು ಸದಸ್ಯರ ಸಂಸ್ಥೆ. ಕಾಲ ಬದಲಾದಂತೆ ಸದಸ್ಯರಿಗೆ ಟೆಲಿಫೋನ್ ತಂತಿಯಲ್ಲೇ ಬರುವ ಡಿಎಸ್‌ಎಲ್ ಇಂಟರ್ನೆಟ್ಟನ್ನು ದುಡ್ಡು ತೆಗೆದುಕೊಂಡೇ ಕೊಡಲು ಆರಂಭಿಸಿತು. ಆ ತಲೆಮಾರಿನ ಎಷ್ಟೋ ಜಾಲಗಳು ಹೋದ ಮೇಲೂ ಅದು ಉಳಿದಿದೆ. ಹೆಸರಿನಲ್ಲಿ ‘ಫ್ರೀ’ ಇದೆಯಲ್ಲ ಎಂದು ಅಳಿಯನಿಗೆ ಸ್ವಲ್ಪ ಬೇಸರವೇ ಆಯಿತು. ನನಗೆ ಆಗಲಿಲ್ಲ.

ಸ್ಪೇನಿನ ಕ್ಯಾಟಲೋನಿಯಾದ ಕಥೆ ನನ್ನನ್ನು ಜಗಲಿಯಲ್ಲಿ ಹೆಚ್ಚು ಹೊತ್ತು ಕೂರಿಸಿತು. 2004ರಲ್ಲಿ ಗುರ್ಬ್ ಎಂಬ ಹಳ್ಳಿಯಲ್ಲಿ ರಾಮೊನ್ ರೋಕಾ ಎಂಬುವರು, ಕಂಪನಿಗಳು ಹಳ್ಳಿಗೆ ವೇಗದ ಇಂಟರ್ನೆಟ್ ಕೊಡದಿದ್ದಾಗ, ತಮ್ಮ ಮನೆಗೆ ವೈಫೈ ಮೂಲಕವೇ ತಂದುಕೊಂಡರು. ಪಕ್ಕದವನು ತನ್ನ ಮಾಳಿಗೆಗೊಂದು ಆಂಟೆನಾ ಹಾಕಿಕೊಂಡ, ಅವನ ಪಕ್ಕದವನು ಇನ್ನೊಂದು. ಹೀಗೆ ಬೆಳೆದ ಗೀಫಿ ಜಾಲ ಮೂವತ್ತು ಸಾವಿರಕ್ಕೂ ಹೆಚ್ಚು ನೋಡ್‌ಗಳನ್ನು, ಅಂದರೆ ಸಂಪರ್ಕದ ಕೊಂಡಿಗಳನ್ನು, ಮುಟ್ಟಿತು. ಯಂತ್ರ ಹಾಕಿದವನದ್ದು, ಜಾಲ ಎಲ್ಲರದ್ದು. ನನಗೆ ಹಿಡಿಸಿದ್ದು ಅವರ ಲೆಕ್ಕ. ಆ ಜಾಲದ ಮೇಲೆ ವ್ಯಾಪಾರ ಮಾಡುವ ಸಣ್ಣ ಕಂಪನಿಗಳೂ ಇವೆ. ಯಾರು ಎಷ್ಟು ಬಳಸಿದರು, ಯಾರು ಎಷ್ಟು ಹಣ ಹಾಕಿದರು, ಯಾರು ಎಷ್ಟು ದುರಸ್ತಿ ಮಾಡಿದರು ಎಂದು ಕೂಡಿ ಕಳೆದು, ಹೆಚ್ಚು ಬಳಸಿದವರು ಹೆಚ್ಚು ಕೊಟ್ಟು ಸರಿದೂಗಿಸುತ್ತಾರೆ. ಒಬ್ಬ ಕೇಬಲ್ ಆಪರೇಟರ್ ಕೂಡ ಇದರಲ್ಲಿ ಬದುಕಬಹುದು ಎನ್ನಿಸಿತು.

ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ 2011ರಲ್ಲಿ ಆರಂಭವಾದ ಬಾರ್ನ್ ಎಂಬ ಸಂಘದಲ್ಲಿ ರೈತರೇ ತಮ್ಮ ಹೊಲಗಳಲ್ಲಿ ಬಾಡಿಗೆ ಕೇಳದೆ ಫೈಬರಿಗೆ ದಾರಿ ಬಿಟ್ಟರು, ತಾವೇ ಕಾಲುವೆ ತೋಡಿದರು. ನಮ್ಮಲ್ಲಿ ಬದುವಿನ ಒಂದು ಅಡಿಗಾಗಿ ತಹಶೀಲ್ದಾರರವರೆಗೆ ಹೋಗುವವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ನಮ್ಮ ದೇಶದಲ್ಲಿಯೂ ಇದೆ. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ತರಂಗವನ್ನು ಕಟ್ಟಡದ ಹೊರಗೂ ಪರವಾನಗಿಯಿಲ್ಲದೆ ಬಳಸಬಹುದು ಎಂದ ಕೂಡಲೇ ಧರ್ಮಶಾಲಾದ ಬೆಟ್ಟಗಳಲ್ಲಿ ವೈಫೈ ಜಾಲ ಎದ್ದಿತು. ಅದೇ ಮುಂದೆ ಏರ್‌ಜಲ್ದಿ ಆಯಿತು. ಅಲ್ಲಿ ಆಂಟೆನಾಗಳಿಗೆ ಕೋತಿಗಳು ಜೋತುಬಿದ್ದು ಆಡುತ್ತಿದ್ದವಂತೆ. ಚಿತ್ರದುರ್ಗದ ಕೋಟೆ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮಹಾರಾಷ್ಟ್ರದ ಪಾಲ್‌ಘರ್ ಜಿಲ್ಲೆಯ ಹಳ್ಳಿಗಳಲ್ಲಿ ಬಾಂಬೆ ಐಐಟಿಯವರ ಗ್ರಾಮ್ ಮಾರ್ಗ್ ಯೋಜನೆ ಟಿವಿ ತರಂಗಗಳ ಖಾಲಿ ಜಾಗವನ್ನೇ ಇಂಟರ್ನೆಟ್ ಒಯ್ಯಲು ಬಳಸಿ ನೋಡಿತು. ದೂರದರ್ಶನ ಬಿಟ್ಟ ಜಾಗದಲ್ಲಿ ಇಂಟರ್ನೆಟ್! ಹಳೆಯ ಟಿವಿಯವನಾದ ನನಗೆ ಅದನ್ನು ಓದಿ ಒಂಥರಾ ಖುಷಿಯಾಯಿತು. ಇನ್ನು ಹಿರಿಯೂರು, ಸಿರಾ ದಾಟಿ ತುಮಕೂರಿಗೆ ಹೋದರೆ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಊರವರ ಒಡೆತನದ್ದೇ ಆದ ವೈರ್‌ಲೆಸ್ ಜಾಲ ಕಟ್ಟಲು ಬಹಳ ಕಾಲದಿಂದ ದುಡಿಯುತ್ತಿದ್ದಾರೆ.

ಓದಿದ್ದು ಸಾಕು, ಮಾಡೋಣ ಎಂದ ಅಳಿಯ. ಸರಿ.

ಗುಡ್ಡದ ಮೇಲೆ ಆಂಜನೇಯನ ಗುಡಿಯಿದೆ. ಅಲ್ಲಿಂದ ನಮ್ಮ ಊರೂ ಕಾಣುತ್ತದೆ, ಹಟ್ಟಿಯೂ ಕಾಣುತ್ತದೆ. ನಮ್ಮ ಊರಿನ ಇಂಟರ್ನೆಟ್ಟನ್ನು ಅಲ್ಲಿಂದ ಆಂಟೆನಾ ಮೂಲಕ ಹಟ್ಟಿಗೆ ದಾಟಿಸುವುದು ಯೋಚನೆ. ಶಿವರಾತ್ರಿಯ ಹೊತ್ತಿಗೆ ಹಟ್ಟಿಯ ಶಾಲೆಯ ಪಕ್ಕದಲ್ಲಿ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಪರೀಕ್ಷೆ ಮಾಡಿದ. ಭರ್ಜರಿ ಸಿಗ್ನಲ್. ನಾನು ಮುಂದೆ ನಿಂತಿದ್ದ ಅರಳಿ ಮರವನ್ನು ತೋರಿಸಿ, “ಯುಗಾದಿಯವರೆಗೆ ತಡೆದು ನೋಡು” ಎಂದೆ. ಆಗ ಅದು ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಯುಗಾದಿಗೆ ತಳತಳ ಚಿಗುರಿತು, ಸಿಗ್ನಲ್ ನೆಲಕ್ಕಿಳಿಯಿತು. ಎಲೆಯಲ್ಲಿರುವ ನೀರು ಈ ತರಂಗಗಳನ್ನು ಕುಡಿದುಬಿಡುತ್ತದೆ. ಮರ ಕಡಿಯುವ ಮಾತನ್ನು ಯಾರೂ ಎತ್ತಲಿಲ್ಲ. ಅರಳಿ ಕಟ್ಟೆಯ ಮರಕ್ಕೆ ಕೊಡಲಿ ಹಾಕುವವನು ಆ ಹಟ್ಟಿಯಲ್ಲಿ ಹುಟ್ಟಿಲ್ಲ. ಕಂಬವನ್ನೇ ನೀರಿನ ಟ್ಯಾಂಕಿನ ಕಡೆಗೆ ಸರಿಸಿದೆವು.

ಇನ್ನೊಂದು ವಿಷಯವನ್ನು ಮಾತ್ರ ಅಳಿಯನೇ ನನಗೆ ಕಲಿಸಿದ. ಎರಡು ಆಂಟೆನಾಗಳು ಒಂದಕ್ಕೊಂದು ಕಣ್ಣಿಗೆ ಕಾಣಿಸಿದರೆ ಸಾಲದು. ತರಂಗ ದಾರದಂತೆ ನೇರವಾಗಿ ಹೋಗದೆ ನಡುವೆ ಉಬ್ಬುತ್ತದೆ. 5.8 ಗಿಗಾಹರ್ಟ್ಸಿನಲ್ಲಿ ಮೂರು ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಆ ಉಬ್ಬಿನ ತ್ರಿಜ್ಯ ಸುಮಾರು ಆರು ಮೀಟರ್. ಹತ್ತು ಕಿಲೋಮೀಟರಿಗೆ ಹನ್ನೊಂದು ಮೀಟರ್. ಅಷ್ಟರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾದರೂ ಬಂಡೆ, ಪೊದೆಗಳಿಂದ ಬಿಡುವಾಗಿರಬೇಕು. ಅದಕ್ಕೇ ಗುಡಿಯ ಹತ್ತಿರ ಜಿಐ ಪೈಪನ್ನು ಎತ್ತರಕ್ಕೆ ನಿಲ್ಲಿಸಿ ನಾಲ್ಕು ಕಡೆ ಸ್ಟೇ ವೈರ್ ಬಿಗಿದೆವು. ನಮ್ಮ ಜಿಲ್ಲೆಯಲ್ಲಿ ಗಾಳಿಯಂತ್ರ ನೆಡುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಆ ಗುಡ್ಡದ ಮೇಲೆ ನಿಂತವನ ಪಂಚೆ ಅವನ ಮಾತು ಕೇಳುವುದಿಲ್ಲ. ಪೈಪಿನ ಬುಡಕ್ಕೆ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡಿದ್ದು ನಾನು. ಮುಂಗಾರಿನ ಮೊದಲ ಗುಡುಗಿಗೆ ಎಷ್ಟು ಆಂಪ್ಲಿಫೈಯರ್‌ಗಳನ್ನು ಕಳೆದುಕೊಂಡಿದ್ದೇನೆ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಲೆಕ್ಕದ ಪುಸ್ತಕ ಅವಳದ್ದು.

ಕಾನೂನಿನ ವಿಷಯಕ್ಕೆ ಬಂದರೆ, ಮನೆಗೆ ತೆಗೆದುಕೊಂಡ ಲೈನನ್ನು ಹಂಚಿ ಊರಿಗೆಲ್ಲ ಮಾರುವಂತಿಲ್ಲ. ಪರವಾನಗಿ ಇರಬೇಕು. 2018ರಲ್ಲಿ 5 ಗಿಗಾಹರ್ಟ್ಸಿನ ದೊಡ್ಡ ಭಾಗವನ್ನು ಹೊರಾಂಗಣಕ್ಕೂ ಮುಕ್ತ ಮಾಡಿದ್ದರಿಂದ ನಮ್ಮ ಆಂಟೆನಾಗೆ ತೊಂದರೆ ಇರಲಿಲ್ಲ. ಇಂಟರ್ನೆಟ್ ಕೊಡುವುದಕ್ಕೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯನ್ನು ಹಿಡಿದೆವು. ಅದರಲ್ಲಿ ಚಹಾ ಅಂಗಡಿಯವನೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಇಡಬಹುದು. ಹಟ್ಟಿಯ ಕಿರಾಣಿ ಅಂಗಡಿಯೇ ನಮ್ಮ ವೈಫೈ ಕೇಂದ್ರ. ಒಂದೇ ಕೊರತೆ: ಮೊದಲ ಸಲ ಸೇರಿಕೊಳ್ಳಲು ಮೊಬೈಲಿಗೆ ಒಟಿಪಿ ಬರಬೇಕು. ಮೊಬೈಲಿಗೆ ಸಿಗ್ನಲ್ ಇಲ್ಲವೆಂದೇ ಅಲ್ಲವೇ ಈ ವೈಫೈ! ಸಂತೆಯ ದಿನ ನಾಯಕನಹಟ್ಟಿಗೆ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ ಅಲ್ಲಿಯೇ ನೋಂದಣಿ ಮಾಡಿಸಿದ ಅಳಿಯ. ದೆಹಲಿಯಲ್ಲಿ ಕುಳಿತು ಈ ನಿಯಮ ಬರೆದವರು ಬಂಡೆ ಹತ್ತಿ ಫೋನ್ ಮಾಡಿದವರಲ್ಲ.

ಶುರುವಾದ ಮೇಲೆ ಜನ ಏನಕ್ಕೆ ಬಳಸುತ್ತಾರೆ ಎಂದು ನೋಡುವುದೇ ಒಂದು ಪಾಠ. ಅಳಿಯ ಆನ್‌ಲೈನ್ ಶಿಕ್ಷಣ, ಪಹಣಿ, ಚಳ್ಳಕೆರೆ ಎಪಿಎಂಸಿಯ ಶೇಂಗಾ ದರ ಎಂದೆಲ್ಲ ಪಟ್ಟಿ ಮಾಡಿದ್ದ. ಅವೂ ನಡೆಯುತ್ತಿವೆ. ಆದರೆ ಹಿರಿಯರು ಮೆಚ್ಚಿದ್ದು ವೈಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಮಗನೊಡನೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮಾತನಾಡಬಹುದು, ಬಂಡೆ ಹತ್ತಬೇಕಿಲ್ಲ.

ಇಂಟರ್ನೆಟ್ ಇಲ್ಲದಾಗಲೂ ಜಾಲ ನಿಲ್ಲುವುದಿಲ್ಲ ಎಂಬುದು ಜನರಿಗೆ ತಡವಾಗಿ ಅರ್ಥವಾಯಿತು. ಅಂಗಡಿಯಲ್ಲಿ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟಿದ್ದೇವೆ. ಇಂಟರ್ನೆಟ್ ಇಲ್ಲದೆಯೂ ಓದಿಸುವ ಕಿವಿಕ್ಸ್ ತಂತ್ರಾಂಶದಿಂದ ಅಳಿಯ ಕನ್ನಡ ವಿಕಿಪೀಡಿಯವನ್ನು, ಅದರ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳ ಸಮೇತ, ಆ ಕಂಪ್ಯೂಟರಿನ ಮೆಮೊರಿ ಕಾರ್ಡಿನಲ್ಲಿ ಇಳಿಸಿದ್ದಾನೆ. ಪಕ್ಕದಲ್ಲಿ ಶಾಲೆಯ ಪಠ್ಯಪುಸ್ತಕಗಳು. ಫೈಬರ್ ಕಟ್ ಆದರೂ ಹಟ್ಟಿಯೊಳಗೆ ಅವು ಸಿಗುತ್ತವೆ. ನಾನು ಕೇಬಲ್ ನಡೆಸುತ್ತಿದ್ದಾಗ ಒಂದು ಚಾನೆಲ್ಲನ್ನು ಊರಿಗೆಂದೇ ಇಟ್ಟಿದ್ದೆ: ತಿಪ್ಪೇರುದ್ರಸ್ವಾಮಿಯ ರಥೋತ್ಸವ, ಶಾಲೆಯ ವಾರ್ಷಿಕೋತ್ಸವ, ಯಾರದ್ದಾದರೂ ಮದುವೆ. ಸಿನಿಮಾ ಚಾನೆಲ್ ನಿಂತರೆ ಒಂದು ದಿನ ಸುಮ್ಮನಿರುತ್ತಿದ್ದರು. ಜಾತ್ರೆಯ ಕ್ಯಾಸೆಟ್ ಹಾಕದಿದ್ದರೆ ಮನೆಗೇ ಬರುತ್ತಿದ್ದರು. ಅದೇ ಬುದ್ಧಿಯಿಂದ ಈ ಪೆಟ್ಟಿಗೆಯಲ್ಲಿಯೂ ಹಟ್ಟಿಯ ಹಿರಿಯರೊಬ್ಬರು ಗಣೆ ಎಂಬ ಉದ್ದನೆಯ ಕೊಳಲನ್ನು ಊದುತ್ತ ಗೊಲ್ಲರ ದೈವ ಜುಂಜಪ್ಪನ ಕಥೆ ಹಾಡಿದ್ದನ್ನು ರೆಕಾರ್ಡ್ ಮಾಡಿ ಇಡಿಸಿದೆ. ವಿಕಿಪೀಡಿಯಕ್ಕಿಂತ ಹೆಚ್ಚು ಜನ ಅದನ್ನು ಕೇಳುತ್ತಾರೆ. ಅಳಿಯನ ಯಂತ್ರವೇ ಕೊಟ್ಟ ಲೆಕ್ಕ ಅದು.

ಈಗ ನಮ್ಮ ವಾದದ ಮೂಲಕ್ಕೆ ಬರುತ್ತೇನೆ. ಅಳಿಯನದ್ದು ಸೇವಾಭಾವ. ಎಲ್ಲರೂ ಸ್ವಯಂಸೇವಕರಾಗಿ ನೋಡಿಕೊಂಡರೆ ಖರ್ಚೇ ಇಲ್ಲ ಎನ್ನುತ್ತಾನೆ. ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಕಂಬ ನಿಲ್ಲಿಸುವ ದಿನ ಇಡೀ ಹಟ್ಟಿಯೇ ಬಂದಿತ್ತು, ಪಾಯಸದ ಊಟವೂ ಆಯಿತು. ಆಮೇಲೆ ಒಂದು ಮಳೆಗಾಲದ ರಾತ್ರಿ ಗುಡ್ಡದ ಮೇಲಿನ ಬ್ಯಾಟರಿ ಸತ್ತಾಗ ಟಾರ್ಚ್ ಹಿಡಿದು ಹೋದವರು ನಾನು ಮತ್ತು ಅಂಗಡಿಯವನ ಮಗಳು, ಇಬ್ಬರೇ. ಬಂದವರನ್ನು ದೂರುತ್ತಿಲ್ಲ, ಬಾರದವರನ್ನೂ ದೂರುತ್ತಿಲ್ಲ. ಕುರಿ ಕಾಯ್ದು ಬಂದವನಿಗೆ ರಾತ್ರಿ ಗುಡ್ಡ ಹತ್ತು ಎನ್ನಲು ಯಾವ ನ್ಯಾಯ?

ನಮ್ಮ ಕಡೆಯ ಕೆರೆಗಳನ್ನು ನೋಡಿ. ನಾಯಕನಹಟ್ಟಿಯ ಸುತ್ತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಹೇಳುವ ಕೆರೆಗಳಿವೆ. ಕೆರೆ ಕಟ್ಟುವುದಕ್ಕೆ ಊರೆಲ್ಲ ಸೇರುತ್ತದೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ಮಾತ್ರ ಒಬ್ಬನೇ: ನೀರುಗಂಟಿ. ಅವನಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಕಾಳು ಸಲ್ಲುತ್ತಿತ್ತು. ಅದು ದಾನವಲ್ಲ, ಅವನ ಹಕ್ಕು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಆ ಸ್ವಾಮಿಗಳ ಊರಿನಲ್ಲಿ ನಿಂತು ಬಿಟ್ಟಿ ದುಡಿಮೆಯ ಮೇಲೆ ಜಾಲ ನಡೆಸುತ್ತೇನೆ ಎಂದರೆ ನಾನು ಹೇಗೆ ಒಪ್ಪಲಿ?

ಕೊನೆಗೆ ಅಂಗಡಿಯವನ ಮಗಳನ್ನೇ ಕೇಳಿದೆವು. ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ, ಕೈ ಚುರುಕು, ಕ್ರಿಂಪಿಂಗ್ ಇಕ್ಕಳವನ್ನು ನನಗಿಂತ ಚೆನ್ನಾಗಿ ಹಿಡಿಯುತ್ತಾಳೆ. “ದೊಡ್ಡಪ್ಪ, ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಮೊದಲು ಹೇಳಿ” ಎಂದಳು. ಅಳಿಯ ಮುಖ ಮುಖ ನೋಡಿದ. ನನಗೆ ಸಮಾಧಾನವಾಯಿತು.

ಹಣ ವಸೂಲಿಯನ್ನು ಹಟ್ಟಿಯ ಸ್ತ್ರೀಶಕ್ತಿ ಸಂಘಕ್ಕೆ ಒಪ್ಪಿಸಿದ್ದೇವೆ. ಕೇಬಲ್ ಕಾಲದಲ್ಲಿ ನಾನು ತಿಂಗಳ ಮೊದಲ ವಾರ ಪುಸ್ತಕ ಹಿಡಿದು ಮನೆಮನೆ ತಿರುಗಿದವನು. ಗಂಡಸರು ‘ನಾಳೆ ಬಾ’ ಎನ್ನುವ ಕಲೆಯಲ್ಲಿ ಪಳಗಿದವರು. ವಾರದ ಉಳಿತಾಯ ಕಟ್ಟುವ ಹೆಂಗಸರ ಎದುರು ಆ ಆಟ ನಡೆಯುವುದಿಲ್ಲ. ಮುಂದೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನಮ್ಮದೇ ಒಂದು ಸಂಘ ಮಾಡಬೇಕು. ಏಳು ಜನ ಸದಸ್ಯರು ಸಾಕು, ಆದರೆ ಅಧ್ಯಕ್ಷರಾಗಲು ಏಳು ಜನವೂ ತಯಾರಿದ್ದಾರೆ.

ಸದ್ಯ ತಕರಾರು ಎದ್ದಿರುವುದು ಕಂತಿನ ವಿಷಯಕ್ಕೆ. ತಿಂಗಳಿಗೆ ಮನೆಗೆ ಅರವತ್ತು ರೂಪಾಯಿ ಎಂದು ಅಳಿಯ ಲೆಕ್ಕ ಹಾಕಿದ್ದಾನೆ: ಲೈನಿನ ಬಾಡಿಗೆ, ಹುಡುಗಿಯ ಸಂಬಳ, ಬ್ಯಾಟರಿಗೆಂದು ಸ್ವಲ್ಪ ತೆಗೆದಿಡುವುದು. ಹಿರಿಯರು ಮೊತ್ತಕ್ಕೆ ಒಪ್ಪಿದ್ದಾರೆ, ತಿಂಗಳಿಗೆ ಒಪ್ಪಿಲ್ಲ. ಶೇಂಗಾ ಬಂದಾಗ ಒಮ್ಮೆ, ಕುರಿ ಮಾರಿದಾಗ ಒಮ್ಮೆ ಕೊಡುತ್ತೇವೆ ಎನ್ನುತ್ತಾರೆ. ಇಂಟರ್ನೆಟ್ ಕಂಪನಿ ಸುಗ್ಗಿಯವರೆಗೆ ಕಾಯುವುದಿಲ್ಲ ಎಂದು ಅಳಿಯ. ಕೇಬಲ್ಲಿನ ಕಾಲದಲ್ಲಿ ನಾನು ಕಾಯುತ್ತಿದ್ದೆ, ಹೆಚ್ಚಿನವರು ಕೊಡುತ್ತಲೂ ಇದ್ದರು. ಕೊಡದವರ ಹೆಸರು ಹೆಂಡತಿಯ ಪುಸ್ತಕದಲ್ಲಿ ಇನ್ನೂ ಇದೆ. ಹುಡುಗಿಯ ಸಂಬಳವನ್ನು ತಿಂಗಳಿಗೇ ಕೊಡಬೇಕು, ಉಳಿದದ್ದನ್ನು ಸುಗ್ಗಿಗೆ ವಸೂಲು ಮಾಡಿ ಅಲ್ಲಿಯವರೆಗೆ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತೋಣ ಎಂದು ನಾನು ಹೇಳಿದ್ದೇನೆ. ಸಂಘದವರು ಬಡ್ಡಿ ಎಷ್ಟು ಎಂದು ಬರುವ ಮಂಗಳವಾರ ತಿಳಿಸುತ್ತಾರೆ.